3600ರ ರ‍್ಯಾಮ್ 2133ರಲ್ಲಿ ಯಾಕೆ ಓಡುತ್ತೆ?

ನನ್ನ ಅಕ್ಕನ ಮಗ ಎರಡು ವರ್ಷದ ಹಿಂದೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದು ಕಂಪ್ಯೂಟರ್ ಜೋಡಿಸಿಕೊಂಡು ಬಂದ. ರೈಜೆನ್ 5 5600ಜಿ ಪ್ರೊಸೆಸರ್, ಬಿ550 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ಸ್ಟಿಕ್, ಅಂದರೆ ಕೆಲಸ ಮಾಡುವಾಗ ಕಂಪ್ಯೂಟರ್ ಬಳಸುವ ಮೆಮೊರಿ, ರ‍್ಯಾಮ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಅದಕ್ಕೆ ದುಡ್ಡು ಸಾಲಲಿಲ್ಲ. ರ‍್ಯಾಮಿಗೆ ಮಾತ್ರ ಸ್ವಲ್ಪ ಜಾಸ್ತಿ ಸುರಿದಿದ್ದ. ಪೆಟ್ಟಿಗೆ ಮೇಲೆ ದಪ್ಪಕ್ಷರದಲ್ಲಿ 3600 ಅಂತ ಇತ್ತು.

ಮೊನ್ನೆ ಹಬ್ಬಕ್ಕೆ ಹೋದಾಗ, "ಮಾಮ, ಗೇಮ್ ಯಾಕೋ ತಡವರಿಸುತ್ತೆ" ಅಂದ. ಟಾಸ್ಕ್ ಮ್ಯಾನೇಜರ್ ತೆಗೆದು, ಪರ್ಫಾರ್ಮೆನ್ಸ್ ಒತ್ತಿ, ಮೆಮೊರಿ ಮೇಲೆ ಕ್ಲಿಕ್ ಮಾಡಿದೆ. ಸ್ಪೀಡ್ ಅನ್ನೋ ಕಡೆ 2133 ಅಂತ ಇತ್ತು. ಎರಡು ವರ್ಷ 3600ಕ್ಕೆ ದುಡ್ಡು ಕೊಟ್ಟು 2133 ಓಡಿಸಿದ್ದಾನೆ ಪುಣ್ಯಾತ್ಮ.

"ಅಂಗಡಿಯವನು ನಕಲಿ ಮಾಲು ಕೊಟ್ಟನಾ?" ಅಂತ ಅವನ ಮೊದಲ ಪ್ರಶ್ನೆ. ಮಾಲು ಅಸಲಿಯೇ. ಅಂಗಡಿಯವನ ತಪ್ಪು ಬೇರೆ ಒಂದಿತ್ತು, ಅದಕ್ಕೆ ಆಮೇಲೆ ಬರುತ್ತೇನೆ. ಈ 2133 ಮಾತ್ರ ಯಾರ ಮೋಸವೂ ಅಲ್ಲ. ಹೊಸ ರ‍್ಯಾಮ್ ಹಾಕಿ ಸುಮ್ನೆ ಸ್ವಿಚ್ ಒತ್ತಿದರೆ ಬಹಳಷ್ಟು ಕಂಪ್ಯೂಟರ್‌ಗಳು ಹೀಗೇ ಶುರುವಾಗುತ್ತವೆ.

ಮೊದಲು ಈ ಅಂಕಿ ಏನು ಅಂತ ನೋಡಿಬಿಡೋಣ. ಎಲ್ಲರೂ 3600 ಮೆಗಾಹರ್ಟ್ಸ್ ಅಂತಾರೆ. ನಿಜವಾಗಿ ಆ ಸ್ಟಿಕ್ಕಿನ ಗಡಿಯಾರ ಬಡಿಯುವುದು 1800 ಮೆಗಾಹರ್ಟ್ಸ್‌ನಲ್ಲಿ, ಸೆಕೆಂಡಿಗೆ 180 ಕೋಟಿ ಸಲ. ತಾಳ ಹಾಕುವಾಗ ಕೈ ಕೆಳಗೆ ಬೀಳುತ್ತೆ, ಮತ್ತೆ ಮೇಲೆ ಏಳುತ್ತೆ ಅಲ್ವಾ? ಬಿದ್ದಾಗ ಒಂದು ಬಿಟ್, ಎದ್ದಾಗ ಇನ್ನೊಂದು ಬಿಟ್ ಕಳಿಸಿದರೆ ಅದೇ ಡಬಲ್ ಡೇಟಾ ರೇಟ್, ಡಿಡಿಆರ್. ಹಾಗಾಗಿ 1800ರ ಎರಡರಷ್ಟು, 3600. ಇದನ್ನು ಮೆಗಾಟ್ರಾನ್ಸ್‌ಫರ್ ಅಂತ ಕರೆಯುವುದು ಸರಿಯಾದ ಲೆಕ್ಕ. ಇತ್ತೀಚಿನ ವಿಂಡೋಸ್ 11 ಕೂಡ ಮೆಗಾಹರ್ಟ್ಸ್ ಬಿಟ್ಟು ಹಾಗೇ ತೋರಿಸುತ್ತಿದೆ. ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶದಲ್ಲಿ ನೋಡಿದರೆ ಅರ್ಧ ಅಂಕಿ ಕಾಣುತ್ತೆ. 3600ರ ರ‍್ಯಾಮಿಗೆ ಅದು 1800 ಅನ್ನುತ್ತೆ. ಅದನ್ನು ನೋಡಿ ಗಾಬರಿ ಬೀಳುವವರು ತುಂಬಾ ಜನ. ಎರಡರಿಂದ ಗುಣಿಸಿಕೊಂಡರೆ ಮುಗೀತು.

ಒಂದು ಸಲಕ್ಕೆ 64 ತಂತಿಗಳಲ್ಲಿ 64 ಬಿಟ್, ಅಂದರೆ 8 ಬೈಟ್ ಹೋಗುತ್ತೆ. 3600ನ್ನು 8ರಿಂದ ಗುಣಿಸಿದರೆ 28800. ಕೆಲವು ಸ್ಟಿಕ್ಕಿನ ಚೀಟಿ ಮೇಲೆ ಪಿಸಿ4-28800 ಅಂತ ಇರುವುದು ಇದೇ: ಸೆಕೆಂಡಿಗೆ 28,800 ಮೆಗಾಬೈಟ್.

ಮೂವರು ಒಪ್ಪಬೇಕು

ರ‍್ಯಾಮ್ ಸ್ಟಿಕ್ಕನ್ನು ಕೈಯಲ್ಲಿ ಹಿಡಿದು ನೋಡಿದ್ದೀರಾ? ಸಾಲಾಗಿ ಕೂತ ದೊಡ್ಡ ಕಪ್ಪು ಚಿಪ್‌ಗಳ ನಡುವೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಪುಟ್ಟ ಚಿಪ್ ಇರುತ್ತೆ. ಅದರ ಹೆಸರು ಎಸ್‌ಪಿಡಿ. ಡಿಡಿಆರ್4ನಲ್ಲಿ ಅದು ಹಿಡಿಸುವುದು ಬರೀ 512 ಬೈಟ್. ಈ ಪ್ಯಾರಾದ ಅರ್ಧದಷ್ಟೂ ಅದರಲ್ಲಿ ಹಿಡಿಸಲಿಕ್ಕಿಲ್ಲ. ಆದರೆ ಸ್ಟಿಕ್ಕಿನ ಜಾತಕ ಪೂರ್ತಿ ಅದರಲ್ಲೇ ಇದೆ. ಎಷ್ಟು ಜಿಬಿ, ಯಾವ ವೇಗ, ಎಷ್ಟು ವೋಲ್ಟ್, ಯಾವ ಟೈಮಿಂಗ್ (ಯಾವುದಕ್ಕೆ ಎಷ್ಟು ಕಾಯಬೇಕು). ಸ್ವಿಚ್ ಒತ್ತಿದ ತಕ್ಷಣ ಮದರ್‌ಬೋರ್ಡ್ ಮೊದಲು ಓದುವ ಸಂಗತಿಗಳಲ್ಲಿ ಇದೊಂದು.

ಆ ಜಾತಕದಲ್ಲಿ ಎರಡು ಭಾಗ. ಮೊದಲನೆಯದು ಜೆಡೆಕ್ ಎಂಬ ಸಂಸ್ಥೆಯ ನಿಯಮದಂತೆ ಬರೆದದ್ದು. ಮೆಮೊರಿ ಮಾಡುವ, ಬಳಸುವ ಕಂಪನಿಗಳೆಲ್ಲ ಸೇರಿ ಮಾಡಿಕೊಂಡ ಮಾನದಂಡ ಅದು. ಡಿಡಿಆರ್4ರ ನಿಯಮ 2012ರಲ್ಲಿ ಹೊರಬಂತು. 1.2 ವೋಲ್ಟ್, ವೇಗ 1600ರಿಂದ 3200ರವರೆಗೆ. 3600 ಅನ್ನುವ ಅಂಕಿ ಆ ಪಟ್ಟಿಯಲ್ಲೇ ಇಲ್ಲ. ನಮ್ಮ ಹುಡುಗನ ಸ್ಟಿಕ್ಕಿನ ಮೊದಲ ಭಾಗದಲ್ಲಿ ಇದ್ದದ್ದು 2133. ಎರಡನೇ ಭಾಗ ಸ್ಟಿಕ್ ತಯಾರಿಸಿದ ಕಂಪನಿ ಸ್ವಂತ ಪರೀಕ್ಷೆ ಮಾಡಿ ಬರೆದದ್ದು: 3600, ಟೈಮಿಂಗ್ 18-22-22-42, 1.35 ವೋಲ್ಟ್. ಇದೇ ಎಕ್ಸ್‌ಎಂಪಿ, ಎಕ್ಸ್‌ಟ್ರೀಮ್ ಮೆಮೊರಿ ಪ್ರೊಫೈಲ್. ಇಂಟೆಲ್ ಇದನ್ನು 2007ರಲ್ಲಿ ಡಿಡಿಆರ್3 ಕಾಲದಲ್ಲಿ ತಂದಿತು. ಡಿಡಿಆರ್5 ಬಂದ ಮೇಲೆ 2022ರಲ್ಲಿ ಎಎಮ್‌ಡಿ ತನ್ನದೇ ಎಕ್ಸ್‌ಪೋ ಮಾಡಿಕೊಂಡಿತು. ಆಸುಸ್ ಬೋರ್ಡುಗಳಲ್ಲಿ ಡಿಒಸಿಪಿ ಅಂತ ಇನ್ನೊಂದು ಹೆಸರು ಕಾಣಬಹುದು. ಕೆಲಸ ಒಂದೇ.

ಮದರ್‌ಬೋರ್ಡ್ ಮೊದಲ ಭಾಗವನ್ನೇ ನಂಬುತ್ತೆ. ನೀವು ಹೇಳದೆ ಎರಡನೇ ಭಾಗವನ್ನು ಮುಟ್ಟುವುದಿಲ್ಲ. ಯಾಕೆ ಅಂದರೆ ಎಕ್ಸ್‌ಎಂಪಿ ಎನ್ನುವುದು ಸ್ಟಿಕ್ ಮಾಡಿದವನ ಮಾತು. ಆ ವೇಗ ಸಿಗಬೇಕಾದರೆ ಇನ್ನಿಬ್ಬರು ಒಪ್ಪಬೇಕು. ಒಂದು, ಪ್ರೊಸೆಸರ್ ಒಳಗೆ ಕೂತಿರುವ ಮೆಮೊರಿ ಕಂಟ್ರೋಲರ್. ಇನ್ನೊಂದು, ಇವೆರಡರ ನಡುವೆ ತಂತಿ ಎಳೆದಿರುವ ಮದರ್‌ಬೋರ್ಡ್. 5600ಜಿ ವಿಷಯಕ್ಕೆ ಎಎಮ್‌ಡಿ ಅಧಿಕೃತವಾಗಿ ಕೊಡುವ ಭರವಸೆ 3200ರವರೆಗೆ ಮಾತ್ರ. ಅದರಾಚೆ ಹೋದರೆ ಹೋಯಿತು, ಇಲ್ಲದಿದ್ದರೆ ಇಲ್ಲ. ಗಂಡಿನ ಕಡೆಯವರು ಜಾತಕ ಕೊಟ್ಟ ಮಾತ್ರಕ್ಕೆ ಮದುವೆ ಆದಂತಲ್ಲ.

ಇಲ್ಲಿ ನನ್ನದೊಂದು ತಕರಾರಿದೆ. ಪೆಟ್ಟಿಗೆ ಮೇಲೆ ಈ ಷರತ್ತನ್ನು ಅಂಕಿಯಷ್ಟೇ ದೊಡ್ಡದಾಗಿ ಬರೆಯಬಹುದಿತ್ತು. ಅಮೆರಿಕದಲ್ಲಿ ಗ್ರಾಹಕರು ಇದೇ ವಿಷಯಕ್ಕೆ ಕೋರ್ಸೇರ್ ಕಂಪನಿಯ ಮೇಲೆ ಕೇಸ್ ಹಾಕಿದರು. ಬರೆದ ವೇಗ ತಾನಾಗಿ ಬರುವುದಿಲ್ಲ, ಸೆಟ್ಟಿಂಗ್ ಬದಲಿಸಬೇಕು ಅಂತ ಸರಿಯಾಗಿ ಹೇಳಿರಲಿಲ್ಲ ಅನ್ನುವುದು ಅವರ ದೂರು. ಕಂಪನಿ ತಪ್ಪು ಒಪ್ಪಿಕೊಳ್ಳದೆ 55 ಲಕ್ಷ ಡಾಲರಿಗೆ ರಾಜಿಗೆ ಬಂತು. ಆದದ್ದು 2025ರಲ್ಲಿ. ಒಂದು ಸಾಲಿನ ಎಚ್ಚರಿಕೆ ಇದಕ್ಕಿಂತ ಅಗ್ಗವಾಗುತ್ತಿತ್ತು.

ನಾಲ್ಕು ಸೆಂಟಿಮೀಟರಿನ ಬಿಟ್

ತಂತಿ ಎಳೆಯುವುದರಲ್ಲಿ ಅಂಥ ಕಷ್ಟ ಏನಿದೆ ಅನ್ನಿಸಬಹುದು. ಒಂದು ಲೆಕ್ಕ ಹಾಕೋಣ. 3600ರ ವೇಗದಲ್ಲಿ ಒಂದು ಬಿಟ್‌ಗೆ ಸಿಗುವ ಸಮಯ ಸುಮಾರು 0.28 ನ್ಯಾನೋಸೆಕೆಂಡ್. ಮದರ್‌ಬೋರ್ಡಿನ ತಾಮ್ರದ ಗೆರೆಯಲ್ಲಿ ಸಿಗ್ನಲ್ ಒಂದು ನ್ಯಾನೋಸೆಕೆಂಡಿಗೆ ಹೆಚ್ಚುಕಡಿಮೆ 15 ಸೆಂಟಿಮೀಟರ್ ಹೋಗುತ್ತೆ. ಅಂದರೆ ಒಂದು ಬಿಟ್‌ನ ಉದ್ದ ತಂತಿಯ ಮೇಲೆ ನಾಲ್ಕು ಸೆಂಟಿಮೀಟರ್ ಚಿಲ್ಲರೆ. ಹಿಂದಿನ ಬಿಟ್ ಇನ್ನೂ ದಾರಿಯಲ್ಲಿ ಇರುವಾಗಲೇ ಮುಂದಿನದು ಹೊರಟಿರುತ್ತೆ. ಡಿಡಿಆರ್5 6000ದಲ್ಲಿ ಈ ಉದ್ದ ಎರಡೂವರೆ ಸೆಂಟಿಮೀಟರಿಗೆ ಇಳಿಯುತ್ತೆ, ನಿಮ್ಮ ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು.

ಈಗ 64 ತಂತಿ ಅಕ್ಕಪಕ್ಕ ಇವೆ ಅಂದುಕೊಳ್ಳಿ. ಒಂದು ತಂತಿ ಇನ್ನೊಂದಕ್ಕಿಂತ ಅರ್ಧ ಸೆಂಟಿಮೀಟರ್ ಉದ್ದ ಆದರೂ ಅದರ ಬಿಟ್ ತಡವಾಗಿ ಬರುತ್ತೆ. ಅದಕ್ಕೇ ಪ್ರೊಸೆಸರಿಗೂ ರ‍್ಯಾಮ್ ಸ್ಲಾಟಿಗೂ ನಡುವೆ ಮದರ್‌ಬೋರ್ಡನ್ನು ಬೆಳಕಿಗೆ ಹಿಡಿದು ನೋಡಿ. ಕೆಲವು ಬೋರ್ಡುಗಳಲ್ಲಿ ಗೆರೆಗಳು ನೆಟ್ಟಗೆ ಹೋಗದೆ ಹಾವಿನ ಹಾಗೆ ಬಳುಕುತ್ತಾ ಹೋಗುವುದು ಕಣ್ಣಿಗೇ ಕಾಣುತ್ತೆ. ಹತ್ತಿರದ ತಂತಿಯನ್ನು ಬೇಕೆಂದೇ ಸುತ್ತಿಸಿ ದೂರದ ತಂತಿಗೆ ಸಮ ಮಾಡಿರುತ್ತಾರೆ. ನಾನು ಮೊದಲ ಸಲ ನೋಡಿದಾಗ ಅಲಂಕಾರಕ್ಕೆ ಮಾಡಿದ್ದಾರೆ ಅಂದುಕೊಂಡಿದ್ದೆ.

ಅಷ್ಟು ಮಾಡಿದರೂ ಚೂರುಪಾರು ವ್ಯತ್ಯಾಸ ಉಳಿದೇ ಉಳಿಯುತ್ತೆ. ಅದನ್ನು ಸರಿಮಾಡಲು ಕಂಪ್ಯೂಟರ್ ಆನ್ ಆಗುವಾಗ ಕಂಟ್ರೋಲರ್ ಗೊತ್ತಿರುವ ಒಂದಷ್ಟು ಬಿಟ್‌ಗಳನ್ನು ಬರೆದು, ಓದಿ, ಯಾವ ತಂತಿಗೆ ಎಷ್ಟು ಕಾಯಬೇಕು ಅಂತ ಕಂಡುಕೊಳ್ಳುತ್ತೆ. ಇದಕ್ಕೆ ಟ್ರೈನಿಂಗ್ ಅಂತ ಹೆಸರು. ಕಛೇರಿ ಶುರುವಾಗುವ ಮುಂಚೆ ಮೃದಂಗದವರು ಶ್ರುತಿ ಕೂಡಿಸಿಕೊಳ್ಳುವುದಿಲ್ಲವೇ, ಹಾಗೆ. ಡಿಡಿಆರ್5ನಲ್ಲಿ ಇದು ಬಹಳ ಹೊತ್ತು ಹಿಡಿಯುತ್ತೆ. ಎಎಮ್5 ಬೋರ್ಡಿಗೆ (ರೈಜೆನ್ 7000 ಕೂರುವಂಥದ್ದು) ಹೊಸ ರ‍್ಯಾಮ್ ಹಾಕಿ ಮೊದಲ ಸಲ ಆನ್ ಮಾಡಿದರೆ ಕೆಲವು ನಿಮಿಷ ಪರದೆ ಕಪ್ಪಗೇ ಇರಬಹುದು. ಸುಟ್ಟು ಹೋಯ್ತು ಅಂತ ಹೆದರಿ ನಡುವೆ ಪವರ್ ತೆಗೆಯಬೇಡಿ. ಕಾಫಿ ಮಾಡಿಕೊಂಡು ಬನ್ನಿ.

ಅಂಗಡಿಯವನ ತಪ್ಪು

ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ಬಿಚ್ಚಿದೆವು. ನಾಲ್ಕು ಸ್ಲಾಟ್ ಇದ್ದವು. ಎರಡು ಸ್ಟಿಕ್ಕುಗಳು ಪ್ರೊಸೆಸರಿಗೆ ಹತ್ತಿರದ ಎರಡು ಸ್ಲಾಟುಗಳಲ್ಲಿ ಒತ್ತೊತ್ತಾಗಿ ಕೂತಿದ್ದವು. ನೋಡಲು ನೀಟಾಗಿತ್ತು. ಆದರೆ ಅದೇ ತಪ್ಪು.

ಈ ಬೋರ್ಡುಗಳಲ್ಲಿ ಎರಡು ಚಾನೆಲ್ (ಪ್ರೊಸೆಸರಿಗೂ ರ‍್ಯಾಮಿಗೂ ನಡುವಿನ ದಾರಿ) ಇರುತ್ತವೆ, ಒಂದೊಂದು ಚಾನೆಲ್‌ಗೆ ಎರಡೆರಡು ಸ್ಲಾಟ್. ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎ1, ಎ2, ಬಿ1, ಬಿ2. ಅವನ ಎರಡೂ ಸ್ಟಿಕ್ ಎ ಚಾನೆಲ್‌ನಲ್ಲೇ ಇದ್ದವು. ಬಿ ಚಾನೆಲ್ ಪೂರ್ತಿ ಖಾಲಿ. ಎರಡು ಲೇನಿನ ರಸ್ತೆಯಲ್ಲಿ ಒಂದು ಲೇನಿಗೆ ಬ್ಯಾರಿಕೇಡ್ ಹಾಕಿದಂತೆ. ಎರಡು ಸ್ಟಿಕ್ ಇದ್ದರೆ ಹಾಕಬೇಕಾದ್ದು ಎ2 ಮತ್ತು ಬಿ2ರಲ್ಲಿ, ಅಂದರೆ ಎರಡನೇ ಮತ್ತು ನಾಲ್ಕನೇ ಸ್ಲಾಟ್.

ಎ1, ಬಿ1 ಯಾಕೆ ಆಗಬಾರದು? ಅಲ್ಲೂ ಚಾನೆಲ್ ಎರಡಾಗುತ್ತೆ ನಿಜ. ಆದರೆ ಈಗಿನ ಹೆಚ್ಚಿನ ಬೋರ್ಡುಗಳಲ್ಲಿ ತಂತಿ ಮೊದಲು ಎ1ಕ್ಕೆ ಹೋಗಿ, ಅಲ್ಲಿಂದ ಮುಂದೆ ಎ2ಕ್ಕೆ ಹೋಗುತ್ತೆ. ಸ್ಟಿಕ್ ಎ1ರಲ್ಲಿ ಇದ್ದರೆ ಎ2ರ ಕಡೆಗಿನ ತುಂಡು ತಂತಿ ತುದಿಯಲ್ಲಿ ಏನೂ ಇಲ್ಲದೆ ನೇತಾಡುತ್ತೆ. ಸಿಗ್ನಲ್ ಆ ತುದಿಗೆ ಹೋಗಿ ಬಡಿದು ವಾಪಸ್ ಬರುತ್ತೆ, ಖಾಲಿ ಕೋಣೆಯಲ್ಲಿ ಮಾತಾಡಿದರೆ ದನಿ ಮರುಕಳಿಸುವ ಹಾಗೆ. ವೇಗ ಕಡಿಮೆ ಇದ್ದಾಗ ಆ ಮರುದನಿ ತೊಂದರೆ ಕೊಡುವುದಿಲ್ಲ. 3600ರಲ್ಲಿ ಅದು ಮುಂದಿನ ಬಿಟ್‌ನ ಮೇಲೇ ಬಂದು ಬೀಳುತ್ತೆ. ಸ್ಟಿಕ್ಕನ್ನು ತಂತಿಯ ಕೊನೆಯಲ್ಲೇ ಕೂರಿಸಿದರೆ ಈ ರಗಳೆ ಇಲ್ಲ. ಅದಕ್ಕೇ ಎರಡನೇ ಮತ್ತು ನಾಲ್ಕನೆಯದು.

ಪವರ್ ಕೇಬಲ್ ತೆಗೆದು, ಕೈಯನ್ನು ಕ್ಯಾಬಿನೆಟ್ಟಿನ ಲೋಹಕ್ಕೆ ಮುಟ್ಟಿಸಿ, ಸ್ಟಿಕ್ಕುಗಳನ್ನು ಜಾಗ ಬದಲಿಸಿದೆವು. ಎರಡೂ ಬದಿ ಟಕ್ ಅಂದಾಗಲೇ ಕೂತದ್ದು ಖಾತ್ರಿ. ಒಂದು ತುದಿ ಅರ್ಧ ಕೂತರೆ ಮುಂದಿನ ಎರಡು ಗಂಟೆ ಬಯೋಸನ್ನು (ವಿಂಡೋಸಿಗೂ ಮೊದಲು ಏಳುವ, ಮದರ್‌ಬೋರ್ಡಿನ ಸ್ವಂತ ತಂತ್ರಾಂಶ) ಬೈಯುತ್ತಾ ಕಳೆಯುತ್ತೀರಿ. ನಾನು ಕಳೆದಿದ್ದೇನೆ.

ಆನ್ ಮಾಡುತ್ತಾ ಡಿಲೀಟ್ ಕೀ ಒತ್ತಿ ಬಯೋಸ್‌ಗೆ ಹೋದೆವು. ಮೊದಲ ಪುಟದಲ್ಲೇ ಎಕ್ಸ್‌ಎಂಪಿ ಅಂತ ಒಂದು ಗುಂಡಿ. ಆಫ್ ಇದ್ದದ್ದನ್ನು ಪ್ರೊಫೈಲ್ 1 ಮಾಡಿ, ಎಫ್10 ಒತ್ತಿ ಸೇವ್ ಮಾಡಿದೆವು. ಪರದೆ ಎರಡು ಸಲ ಆರಿ ಹತ್ತಿತು. ವಿಂಡೋಸ್ ಬಂತು. ಟಾಸ್ಕ್ ಮ್ಯಾನೇಜರಿನಲ್ಲಿ 3600.

ಲೆಕ್ಕ ನೋಡಿ. ಮೊದಲು ಒಂದು ಚಾನೆಲ್, 2133: ಸೆಕೆಂಡಿಗೆ ಸುಮಾರು 17 ಜಿಬಿ. ಈಗ ಎರಡು ಚಾನೆಲ್, 3600: 57.6 ಜಿಬಿ. ಮೂರು ಪಟ್ಟಿಗಿಂತ ಜಾಸ್ತಿ. ಹುಡುಗನ ಹತ್ತಿರ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ ಅಂದೆನಲ್ಲ, ಅದಕ್ಕೇ ಅವನಿಗೆ ಇದು ಇಷ್ಟು ಮುಖ್ಯವಾದದ್ದು. ಕಾರ್ಡ್ ಇದ್ದರೆ ಅದಕ್ಕೆ ಅದರದೇ ಮೆಮೊರಿ ಇರುತ್ತೆ. 5600ಜಿಯಲ್ಲಿ ಗ್ರಾಫಿಕ್ಸ್ ಪ್ರೊಸೆಸರಿನ ಒಳಗೇ ಇದೆ, ಅದು ಉಣ್ಣುವುದೂ ಇದೇ ರ‍್ಯಾಮಿನ ತಟ್ಟೆಯಲ್ಲಿ. ಅವತ್ತು ರಾತ್ರಿಯೇ ಗೇಮಿನ ಸೆಟ್ಟಿಂಗನ್ನು ಲೋದಿಂದ ಮೀಡಿಯಮ್ಮಿಗೆ ಏರಿಸಿಕೊಂಡ. ನೀವು ಬ್ರೌಸರ್, ವರ್ಡ್, ಟ್ಯಾಲಿ ಮಾತ್ರ ಬಳಸುವವರಾದರೆ ಇಂಥ ವ್ಯತ್ಯಾಸ ನಿರೀಕ್ಷಿಸಬೇಡಿ. ಗೊತ್ತೇ ಆಗಲಿಕ್ಕಿಲ್ಲ.

ಆ 18-22-22-42

ವೇಗದ ಪಕ್ಕ ಬರುವ ಈ ಅಂಕಿಗಳನ್ನು ಜನ ದಾಟಿಕೊಂಡು ಹೋಗುತ್ತಾರೆ. ಮೊದಲನೆಯದು ಮುಖ್ಯ, ಸಿಎಲ್. ಇಂಥ ಜಾಗದ ಡೇಟಾ ಕೊಡು ಅಂತ ಕೇಳಿದ ಮೇಲೆ ಮೊದಲ ಬಿಟ್ ಬರುವವರೆಗೆ ಎಷ್ಟು ತಾಳ ಎಣಿಸಬೇಕು ಅನ್ನುವುದು ಅದು. ರ‍್ಯಾಮಿನಲ್ಲಿ ಒಂದೊಂದು ಬಿಟ್ ಕೂಡ ಒಂದು ಪುಟ್ಟ ಕೆಪಾಸಿಟರಿನಲ್ಲಿ ಕೂಡಿಟ್ಟ ಚೂರು ವಿದ್ಯುತ್ತು. ಐಬಿಎಂನ ರಾಬರ್ಟ್ ಡೆನಾರ್ಡ್ 1968ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು, ಇವತ್ತಿಗೂ ನಡೆಯುತ್ತಿದೆ. ಆ ಕೆಪಾಸಿಟರ್ ತೂತು ಬಿಂದಿಗೆಯಂತೆ ಸೋರುತ್ತಲೇ ಇರುತ್ತೆ. ಸಾಮಾನ್ಯ ಬಿಸಿಯಲ್ಲಿ 64 ಮಿಲಿಸೆಕೆಂಡಿಗೆ ಒಮ್ಮೆ ಇಡೀ ರ‍್ಯಾಮನ್ನು ಓದಿ ಮತ್ತೆ ತುಂಬಬೇಕು. ಇಷ್ಟು ಚಿಕ್ಕ ವಿದ್ಯುತ್ತನ್ನು ಅಳೆದು "ಇದು ಒಂದು, ಇದು ಸೊನ್ನೆ" ಅನ್ನಲು ಹಿಡಿಯುವ ಸಮಯವನ್ನು ಯಾರಿಗೂ ಅಷ್ಟಾಗಿ ಕಮ್ಮಿ ಮಾಡಲಾಗಿಲ್ಲ. ಸುಮಾರು 10ರಿಂದ 17 ನ್ಯಾನೋಸೆಕೆಂಡ್.

ಹಾಗಾಗಿ ಲಯ ಜೋರಾದರೆ ಎಣಿಕೆ ಜಾಸ್ತಿಯಾಗುತ್ತೆ, ಅಷ್ಟೇ. ಸಿಎಲ್ಲನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ನ್ಯಾನೋಸೆಕೆಂಡ್ ಸಿಗುತ್ತೆ. 2133, ಸಿಎಲ್ 15: 14. 3600, ಸಿಎಲ್ 18: 10. ಡಿಡಿಆರ್5 6000, ಸಿಎಲ್ 30: ಅದೂ 10. ಡಿಡಿಆರ್5 4800, ಸಿಎಲ್ 40: 16 ದಾಟುತ್ತೆ. ಸಿಎಲ್ 30 ಅಂದ ತಕ್ಷಣ "ಅಯ್ಯೋ ಡಿಡಿಆರ್4ನಲ್ಲಿ 16 ಇತ್ತಲ್ಲ" ಅನ್ನುವವರಿಗೆ ಈ ಗುಣಾಕಾರ ತೋರಿಸಿ. ಕೊಳ್ಳುವಾಗ ದೊಡ್ಡ ಅಂಕಿಯೊಂದನ್ನೇ ನೋಡದೆ ಈ ಲೆಕ್ಕವನ್ನೂ ಹಾಕಿ. 3200 ಸಿಎಲ್ 16ಕ್ಕೂ 3600 ಸಿಎಲ್ 18ಕ್ಕೂ ಕಾಯುವ ಸಮಯದಲ್ಲಿ ವ್ಯತ್ಯಾಸವೇ ಇಲ್ಲ.

ವೇಗ ಜಾಸ್ತಿಯಾಗಿ ಕೆಲಸ ನಿಧಾನವಾಗುವ ಸಂದರ್ಭವೂ ಇದೆ. ಕಾರ್ಡ್ ಜೊತೆ ಬಳಸುವ ರೈಜೆನ್ 5000 ಪ್ರೊಸೆಸರುಗಳಲ್ಲಿ, ಉದಾಹರಣೆಗೆ 5600ಎಕ್ಸ್, ಒಳಗಿನ ಭಾಗಗಳನ್ನು ಜೋಡಿಸುವ ಇನ್ಫಿನಿಟಿ ಫ್ಯಾಬ್ರಿಕ್ ಎಂಬ ದಾರಿ ರ‍್ಯಾಮಿನ ಗಡಿಯಾರಕ್ಕೆ ಹೆಜ್ಜೆ ಹೆಜ್ಜೆ ಕೂಡಿಸಿಕೊಂಡು ನಡೆಯುವುದು ಹೆಚ್ಚಿನವುಗಳಲ್ಲಿ 1800, 1900ರವರೆಗೆ. 4000ದ ರ‍್ಯಾಮ್ ಹಾಕಿದರೆ ಗಡಿಯಾರ 2000 ಆಗಿ ಫ್ಯಾಬ್ರಿಕ್ ಕೈಬಿಡುತ್ತೆ, ಬೋರ್ಡ್ ಕಂಟ್ರೋಲರನ್ನು ಅರ್ಧ ಲಯಕ್ಕೆ ಇಳಿಸುತ್ತೆ. ಜಾಸ್ತಿ ದುಡ್ಡು ಕೊಟ್ಟು ಜಾಸ್ತಿ ಕಾಯುತ್ತೀರಿ. ಇಂಟೆಲ್‌ನಲ್ಲಿ ಇದೇ ಕಥೆ ಗೇರ್ 1, ಗೇರ್ 2 ಅನ್ನುವ ಹೆಸರಲ್ಲಿ ಬರುತ್ತೆ. ರೈಜೆನ್ 7000ಕ್ಕೆ 6000ದ ಡಿಡಿಆರ್5 ಸರಿಯಾದ ಜಾಗ ಅಂತ ಎಎಮ್‌ಡಿಯೇ ಹೇಳಿತ್ತು. 8000ದ ಪೆಟ್ಟಿಗೆ ನೋಡಿ ಬಾಯಲ್ಲಿ ನೀರೂರಿದರೆ ಇದನ್ನು ನೆನಪಿಸಿಕೊಳ್ಳಿ.

ಆಸೆ ಜಾಸ್ತಿಯಾದಾಗ

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಹುಡುಗ ಖುಷಿಯಲ್ಲಿ ಅದೇ ಮಾದರಿಯ ಇನ್ನೆರಡು ಸ್ಟಿಕ್ ತರಿಸಿದ. ಒಟ್ಟು 32 ಜಿಬಿ ಆಗಲಿ ಅಂತ. ನಾಲ್ಕನ್ನೂ ಹಾಕಿದ, ಎಕ್ಸ್‌ಎಂಪಿ ಆನ್ ಮಾಡಿದ, ಕಂಪ್ಯೂಟರ್ ಮೂರು ಸಲ ಆನ್ ಆಗಿ ಆಫ್ ಆಗಿ ಕೊನೆಗೆ 2133ರಲ್ಲಿ ಎದ್ದು ಕೂತಿತು. ಫೋನ್ ಬಂತು.

ಇದಕ್ಕೆ ಎರಡು ಕಾರಣ. ಒಂದು, ಸ್ಟಿಕ್ ನಾಲ್ಕಾದರೆ ಒಂದೊಂದು ತಂತಿಯ ಮೇಲೂ ಹೊರೆ ಜಾಸ್ತಿ. ಒಬ್ಬನೇ ಕೂಗುತ್ತಾ ಇಬ್ಬರಿಗೆ ಕೇಳಿಸಬೇಕು. ಎಷ್ಟರಮಟ್ಟಿಗೆ ಅಂತ ತಿಳಿಯಬೇಕಾದರೆ ರೈಜೆನ್ 7000ಕ್ಕೆ ಎಎಮ್‌ಡಿ ಕೊಟ್ಟ ಅಧಿಕೃತ ಅಂಕಿ ನೋಡಿ. ಎರಡು ಸ್ಟಿಕ್ ಇದ್ದರೆ 5200, ನಾಲ್ಕು ಇದ್ದರೆ 3600. ಎರಡು, ಹೆಸರು ಒಂದೇ ಇದ್ದ ಮಾತ್ರಕ್ಕೆ ಒಳಗಿನ ಚಿಪ್ ಒಂದೇ ಅಲ್ಲ. ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಮಾಡುವ ಚಿಪ್‌ಗಳಲ್ಲಿ ಆ ತಿಂಗಳು ಯಾವುದು ಸಿಕ್ಕಿತೋ ಅದು ಒಳಗೆ ಹೋಗಿರುತ್ತೆ. ಕಂಪನಿ ಜೊತೆಯಲ್ಲಿ ಓಡಿಸಿ ನೋಡಿ ಭರವಸೆ ಕೊಟ್ಟಿರುವುದು ಒಂದೇ ಪೆಟ್ಟಿಗೆಯ ಜೋಡಿಗೆ. ಎರಡು ಪೆಟ್ಟಿಗೆ ಸೇರಿಸಿ ನಾಲ್ಕು ಮಾಡಿಕೊಂಡರೆ ಆ ಭರವಸೆ ಅಲ್ಲಿಗೆ ಖಾಲಿ. 32 ಜಿಬಿ ಬೇಕಿದ್ದರೆ 16ರ ಎರಡು ಸ್ಟಿಕ್ಕೇ ತಗೋ ಅಂತ ಮೊದಲೇ ಕೇಳಿದ್ದರೆ ಹೇಳುತ್ತಿದ್ದೆ.

ಇನ್ನೇನು ಮಾಡುವುದು, ಇದ್ದದ್ದರಲ್ಲೇ ನೋಡೋಣ ಅಂತ ಕೂತೆವು. ಮೊದಲು ಬಯೋಸ್ ಅಪ್‌ಡೇಟ್ ಮಾಡಿಸಿದೆ. ರೈಜೆನ್ ಬೋರ್ಡುಗಳಲ್ಲಿ ಮೆಮೊರಿ ಟ್ರೈನಿಂಗಿನ ಕೋಡ್ ಬಯೋಸಿನ ಜೊತೆಯಲ್ಲೇ ಬರುತ್ತೆ. ಎಷ್ಟೋ ಸಲ ಇಷ್ಟರಿಂದಲೇ ಸರಿಹೋಗುತ್ತೆ. ಇಲ್ಲಿ ಆಗಲಿಲ್ಲ. ಆಮೇಲೆ ಎಕ್ಸ್‌ಎಂಪಿ ಆನ್ ಇಟ್ಟು, ಟೈಮಿಂಗ್ ಮುಟ್ಟದೆ, ವೇಗ ಒಂದನ್ನೇ ಕೆಳಗಿಳಿಸುತ್ತಾ ಬಂದೆವು. 3466ರಲ್ಲಿ ವಿಂಡೋಸ್ ಬಂತು. ಹುಡುಗ ಚಪ್ಪಾಳೆ ತಟ್ಟಿದ. ನಾನು ಪೆನ್‌ಡ್ರೈವಿಗೆ ಮೆಮ್‌ಟೆಸ್ಟ್86 ಎಂಬ ರ‍್ಯಾಮ್ ಪರೀಕ್ಷೆಯ ತಂತ್ರಾಂಶ ಹಾಕಿ ಅದರಿಂದ ಬೂಟ್ ಮಾಡಿಸಿದೆ. ಮುಕ್ಕಾಲು ಗಂಟೆಯಲ್ಲಿ ಪರದೆ ಮೇಲೆ ಕೆಂಪು ಸಾಲು.

ಈ ಹಂತವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನನಗೆ ಸಿಟ್ಟು ಬರುವುದೂ ಇಲ್ಲೇ. ವಿಂಡೋಸ್ ಬಂತು ಅಂದರೆ ರ‍್ಯಾಮ್ ಸರಿ ಇದೆ ಅಂತಲ್ಲ. ಕೋಟಿಗಟ್ಟಲೆ ಬಿಟ್‌ಗಳಲ್ಲಿ ದಿನಕ್ಕೆ ಒಂದೆರಡು ತಿರುಗುಮುರುಗಾದರೂ ಕಂಪ್ಯೂಟರ್ ನಡೆಯುತ್ತಲೇ ಇರುತ್ತೆ. ಆ ಬಿಟ್ ಗೇಮಿನ ಬಣ್ಣದ್ದಾಗಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅದೇ ಕ್ಷಣ ಡಿಸ್ಕಿಗೆ ಬರೆಯುತ್ತಿದ್ದ ಮದುವೆ ಫೋಟೋದ್ದಾಗಿದ್ದರೆ ಫೋಟೋ ಹಾಳು, ಅದನ್ನೇ ಬ್ಯಾಕಪ್ ಮಾಡಿದರೆ ಬ್ಯಾಕಪ್ಪೂ ಹಾಳು. ಜಿಪ್ ಫೈಲ್ ಬಿಚ್ಚುವಾಗ ಸಿಆರ್‌ಸಿ ಎರರ್, ಕಾರಣವಿಲ್ಲದೆ ಮುಚ್ಚಿಹೋಗುವ ಬ್ರೌಸರ್, ವಾರಕ್ಕೊಮ್ಮೆ ನೀಲಿ ಪರದೆ: ಇವೆಲ್ಲ ಕಂಡರೆ ಮೊದಲು ರ‍್ಯಾಮ್ ಮೇಲೆ ಅನುಮಾನಪಡಿ. ಮೆಮ್‌ಟೆಸ್ಟಿನಲ್ಲಿ ಒಂದೇ ಒಂದು ಎರರ್ ಬಂದರೂ ಆ ವೇಗ ನಿಮ್ಮದಲ್ಲ. "ಒಂದೇ ತಾನೇ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

3200ಕ್ಕೆ ಇಳಿಸಿ ರಾತ್ರಿಯಿಡೀ ಬಿಟ್ಟೆವು. ಬೆಳಗ್ಗೆ ಸೊನ್ನೆ ಎರರ್.

ವೋಲ್ಟೇಜ್ ಏರಿಸಿದ್ದರೆ 3600 ಆಗುತ್ತಿತ್ತೇನೋ. ಆದರೆ ನಾನು ಆ ಕಡೆ ಕೈಹಾಕುವುದು ಕಮ್ಮಿ. 2023ರಲ್ಲಿ ಏನಾಯಿತು ನೋಡಿ. ಎಕ್ಸ್‌ಪೋ ಆನ್ ಮಾಡಿದಾಗ ಕೆಲವು ಮದರ್‌ಬೋರ್ಡುಗಳು ಪ್ರೊಸೆಸರಿನ ಎಸ್‌ಒಸಿ ಭಾಗಕ್ಕೆ (ಮೆಮೊರಿ ಕಂಟ್ರೋಲರ್ ಇರುವ ಕಡೆ) ತಾವಾಗೇ ಜಾಸ್ತಿ ವೋಲ್ಟೇಜ್ ಕೊಟ್ಟು, ಒಂದಷ್ಟು ರೈಜೆನ್ 7000 ಚಿಪ್‌ಗಳು, ಅದರಲ್ಲೂ ಎಕ್ಸ್3ಡಿ ಮಾದರಿಯವು, ಸುಟ್ಟುಹೋದವು. ಆಮೇಲೆ ಎಎಮ್‌ಡಿ ಆ ವೋಲ್ಟೇಜಿಗೆ 1.3ರ ಮಿತಿ ಹಾಕಿ ಹೊಸ ಬಯೋಸ್ ಕೊಡಿಸಿತು. ಎಎಮ್5 ಬೋರ್ಡಿನಲ್ಲಿ ಹಳೇ ಬಯೋಸ್ ಇದ್ದರೆ ಎಕ್ಸ್‌ಪೋ ಮುಟ್ಟುವ ಮುಂಚೆ ಅಪ್‌ಡೇಟ್ ಮಾಡಿ ಅನ್ನುವುದು ಇದಕ್ಕೇ. ಇನ್ನೊಂದು ಮಾತು. ಎಕ್ಸ್‌ಎಂಪಿ, ಎಕ್ಸ್‌ಪೋ ಎರಡನ್ನೂ ಕಂಪನಿಗಳು ಓವರ್‌ಕ್ಲಾಕಿಂಗ್ (ಅಧಿಕೃತ ವೇಗ ಮೀರಿ ಓಡಿಸುವುದು) ಲೆಕ್ಕಕ್ಕೇ ಸೇರಿಸುತ್ತವೆ, ಅದರಿಂದ ಹಾಳಾದರೆ ವಾರಂಟಿ ಸಿಗದಿರಬಹುದು ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತವೆ.

ಏನೂ ಬರದೆ ಪರದೆ ಕಪ್ಪಗೇ ಉಳಿದರೆ? ಹೆದರಬೇಡಿ. ಪವರ್ ತೆಗೆದು, ಮದರ್‌ಬೋರ್ಡಿನ ಮೇಲೆ ನಾಣ್ಯದಂತಿರುವ ಸಿಆರ್2032 ಬ್ಯಾಟರಿಯನ್ನು ಐದು ನಿಮಿಷ ಹೊರಗಿಡಿ, ಇಲ್ಲವೇ ಕ್ಲಿಯರ್ ಸಿಮಾಸ್ ಎಂಬ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಮುಟ್ಟಿಸಿ. ಎಲ್ಲ ಮರೆತು 2133ಕ್ಕೆ ವಾಪಸ್ ಬರುತ್ತೆ.

ಗುಂಡಿಯೇ ಸಿಗದವರಿಗೆ

ಬಯೋಸ್ ಪೂರ್ತಿ ಜಾಲಾಡಿದರೂ ಎಕ್ಸ್‌ಎಂಪಿ ಕಾಣದ, ಕಂಡರೂ ಕೆಲಸ ಮಾಡದ ಕಂಪ್ಯೂಟರುಗಳಿವೆ. ಇಂಟೆಲ್ ತನ್ನ ಕಡಿಮೆ ಬೆಲೆಯ ಚಿಪ್‌ಸೆಟ್ಟುಗಳಲ್ಲಿ (ಮದರ್‌ಬೋರ್ಡಿನ ಮುಖ್ಯ ಚಿಪ್) ಮೆಮೊರಿ ಓವರ್‌ಕ್ಲಾಕಿಂಗಿಗೆ ಬೀಗ ಹಾಕಿದೆ. ಎಚ್410 ಅಥವಾ ಬಿ460 ಬೋರ್ಡಿನಲ್ಲಿ ಐ5-10400 ಪ್ರೊಸೆಸರ್ ಇದ್ದರೆ ನೀವು 3200 ಹಾಕಿ, 3600 ಹಾಕಿ, ಅದು ಓಡುವುದು 2666ರಲ್ಲೇ. 2021ರಲ್ಲಿ ಬಂದ ಬಿ560ರಿಂದ ಬಿ ಸರಣಿಗೆ ಬೀಗ ತೆಗೆದರು. ಎಚ್510, ಎಚ್610ಕ್ಕೆ ಇನ್ನೂ ಇದೆ. ಬೋರ್ಡಿನಲ್ಲಿ ಸಾವಿರ ಉಳಿಸಿ ರ‍್ಯಾಮಿನಲ್ಲಿ ಸಾವಿರ ಜಾಸ್ತಿ ಹಾಕುವುದು ಇದೇ ಕಾರಣಕ್ಕೆ ದಂಡ.

ಲ್ಯಾಪ್‌ಟಾಪಿನವರಿಗೆ ಹೇಳಲು ಹೆಚ್ಚಿಗೆ ಏನೂ ಇಲ್ಲ. ಬಹುಪಾಲು ಲ್ಯಾಪ್‌ಟಾಪುಗಳು ಜೆಡೆಕ್ ವೇಗ ದಾಟುವುದಿಲ್ಲ, ಹಲವದರಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಒಂದು ಸ್ಲಾಟ್ ಖಾಲಿ ಇದ್ದರೆ ಅಲ್ಲಿ ಇನ್ನೊಂದು ಸ್ಟಿಕ್ ಹಾಕಿ ಎರಡು ಚಾನೆಲ್ ಮಾಡಿಕೊಳ್ಳಿ. ನಿಜವಾದ ಲಾಭ ಅಲ್ಲಿದೆ. ಬೇರೆ ಬೇರೆ ವೇಗದ ಎರಡು ಸ್ಟಿಕ್ ಹಾಕಿದರೆ ಎರಡೂ ನಿಧಾನದ್ದರ ಲಯಕ್ಕೇ ಬರುತ್ತವೆ. ಲಿನಕ್ಸ್ ಬಳಸುವವರು ಟರ್ಮಿನಲ್ಲಿನಲ್ಲಿ ಡಿಎಮ್‌ಐಡಿಕೋಡ್ ಓಡಿಸಿದರೆ ಸ್ಪೀಡ್ ಮತ್ತು ಕಾನ್ಫಿಗರ್ಡ್ ಮೆಮೊರಿ ಸ್ಪೀಡ್ ಅಂತ ಎರಡು ಸಾಲು ಬರುತ್ತವೆ. ಈಗ ನಿಜವಾಗಿ ಓಡುತ್ತಿರುವುದು ಎರಡನೆಯದು.

ನಮ್ಮ ಹುಡುಗ ಒಂದು ತಿಂಗಳು ನಾಲ್ಕು ಸ್ಟಿಕ್ಕನ್ನು 3200ರಲ್ಲಿ ಓಡಿಸಿದ. ಆಮೇಲೆ 16 ಜಿಬಿಯೇ ತನಗೆ ಸಾಕು ಅನ್ನಿಸಿ ಹೊಸ ಜೋಡಿಯನ್ನು ತಂಗಿಯ ಕಂಪ್ಯೂಟರಿಗೆ ಹಾಕಿಕೊಟ್ಟು, ತನ್ನದನ್ನು ಮತ್ತೆ 3600ಕ್ಕೆ ತಂದ. ಅವನ ಕ್ಯಾಬಿನೆಟ್ಟಿನ ಮುಚ್ಚಳದ ಒಳಗೆ ಈಗ ಒಂದು ಚೀಟಿ ಅಂಟಿದೆ. ಬರೆದದ್ದು ನಾನೇ. "ಎರಡನೇ, ನಾಲ್ಕನೇ ಸ್ಲಾಟ್. ಪ್ರೊಫೈಲ್ 1. 3600, 18-22-22-42, 1.35. ಬಯೋಸ್ ಅಪ್‌ಡೇಟ್ ಮಾಡಿದರೆ, ಬ್ಯಾಟರಿ ಬದಲಿಸಿದರೆ ಮತ್ತೆ ಆನ್ ಮಾಡು." ಬ್ಯಾಟರಿ ಸತ್ತ ದಿನ ಅದು ಯಾರಿಗೂ ಹೇಳದೆ 2133ಕ್ಕೆ ಇಳಿದಿರುತ್ತೆ.